ಆದ ಆಯ್ತು, ಆಗೋ ಆಯ್ತು

ಕನ್ನಡಕ್ಕೆ ಎಷ್ಟು ಮೆಟ್ಟಿಲು ಎಂದು ನನ್ನನ್ನು ಕೇಳಿದವರು ಇದುವರೆಗೆ ಒಬ್ಬರೇ. ಅವರು ಜರ್ಮನಿಯವರು, ತೊಂಬತ್ತರ ದಶಕದ ನಡುವಿನಲ್ಲಿ ಪೀಣ್ಯದ ಒಂದು ಗೇರ್‌ಬಾಕ್ಸ್ ಕಾರ್ಖಾನೆಗೆ ಬಂದಿಳಿದ ಇಂಜಿನಿಯರು. ಅವರ ದೇಶದಲ್ಲಿ ಯಾವ ಭಾಷೆ ಕಲಿಯಲು ಹೋದರೂ ಮೊದಲು ಕೆಳಗಿನ ಮೆಟ್ಟಿಲು, ಆಮೇಲೆ ನಡುವಿನದು, ಕೊನೆಗೆ ಮೇಲಿನದು ಎಂದು ಇರುತ್ತದಂತೆ. ಒಂದೊಂದು ಮೆಟ್ಟಿಲಿಗೂ ಪರೀಕ್ಷೆ, ಪಾಸಾದರೆ ಒಂದು ಕಾಗದ. ಹಾಗಾಗಿ ಮೊದಲ ದಿನವೇ ಪೆನ್ಸಿಲು ಚೂಪು ಮಾಡಿಕೊಂಡು ಕೂತು, ತಾವು ಈಗ ಯಾವ ಮೆಟ್ಟಿಲಿನಲ್ಲಿದ್ದೇವೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರಿಗೆ ಆಗ ಬರುತ್ತಿದ್ದ ಕನ್ನಡ ‘ನಮಸ್ಕಾರ’ ಒಂದೇ. ಅದನ್ನೂ ದೂರದಲ್ಲಿರುವ ಯಾರನ್ನೋ ಕೂಗಿ ಕರೆಯುವ ಹಾಗೆ ಎಳೆಯುತ್ತಿದ್ದರು. ನೀವಿನ್ನೂ ಅಂಗಳದಲ್ಲಿದ್ದೀರಿ, ಮೊದಲು ಚಪ್ಪಲಿ ಬಿಟ್ಟು ಬನ್ನಿ ಎಂದೆ. ಅವರು ಅದನ್ನೂ ಬರೆದುಕೊಂಡರು.

ನಾನು ದಾವಣಗೆರೆಯವಳು, ಮದುವೆಯಾಗಿ ದಾಸರಹಳ್ಳಿಯ ಬಾಡಿಗೆ ಮನೆಗೆ ಬಂದವಳು. ನಮ್ಮ ಮನೆಯವರು ಆ ಕಾರ್ಖಾನೆಯಲ್ಲಿ ಸಾಮಾನು ಖರೀದಿ ನೋಡಿಕೊಳ್ಳುತ್ತಿದ್ದರು. ನನ್ನ ಬಳಿ ಕನ್ನಡ ಎಂ.ಎ. ಇತ್ತು, ಅದರಿಂದ ಪೀಣ್ಯದಲ್ಲಿ ಒಂದು ಬೋಲ್ಟನ್ನು ಬಿಗಿಯಲೂ ಬರುತ್ತಿರಲಿಲ್ಲ. ಒಂದು ದಿನ ಕಾರ್ಖಾನೆಯ ಮಾಲೀಕರು ನಮ್ಮ ಮನೆಯವರನ್ನು ಕರೆದು, “ನಿಮ್ಮನೆಯವ್ರು ಕನ್ನಡ ಎಂ.ಎ. ಅಲ್ವೇನ್ರೀ? ನಮ್ ಜರ್ಮನಿ ಸಾರ್‌ಗೆ ಸ್ವಲ್ಪ ಕನ್ನಡ ಹೇಳ್ಕೊಡ್ಲಿ. ಕೆಲಸದವ್ರ ಹತ್ರ ಅವ್ರ ಇಂಗ್ಲಿಷ್ ನಡೀತಿಲ್ಲ” ಎಂದರಂತೆ. ಹೀಗೆ ನನ್ನ ಹಳಗನ್ನಡ, ಛಂದಸ್ಸು, ಅಲಂಕಾರಗಳೆಲ್ಲ ಸೇರಿ ಗ್ರೀಸಿನ ವಾಸನೆಯ ಕಟ್ಟಡವೊಂದರ ಮಹಡಿ ಹತ್ತಿದವು. ಪಾಠ ಮಧ್ಯಾಹ್ನದ ಊಟವಾದ ಮೇಲೆ, ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ. ಕೆಳಗೆ ಶೆಡ್ಡಿನಲ್ಲಿ ಗ್ರೈಂಡರ್ ಶುರುವಾದರೆ ನಾವಿಬ್ಬರೂ ಬಾಯಿ ಮುಚ್ಚಿ ಕೂರುತ್ತಿದ್ದೆವು, ನಿಂತ ಮೇಲೆ ವಿಭಕ್ತಿ ಮುಂದುವರಿಯುತ್ತಿತ್ತು.

ನಾನು ಕಲಿಸಿದ್ದು ಪುಸ್ತಕದ ಕನ್ನಡ. ಅವರು ಅದನ್ನು ಶ್ರದ್ಧೆಯಿಂದ ಶೆಡ್ಡಿಗೆ ಒಯ್ದು, “ನಾನು ಈಗ ನೀರನ್ನು ಕುಡಿಯುತ್ತೇನೆ” ಎಂದು ಘೋಷಿಸಿ ನೀರು ಕುಡಿಯುತ್ತಿದ್ದರು. ಜರ್ಮನಿ ಸಾರ್ ರೇಡಿಯೋ ವಾರ್ತೆ ಓದುತ್ತಾರೆ ಎಂದು ಶೆಡ್ಡಿನಲ್ಲಿ ಮಾತಾಯಿತು. ಆಮೇಲೆ ನಾನು ಸ್ವಲ್ಪ ಇಳಿದು ಆಡುಮಾತು ಹೇಳಿಕೊಟ್ಟೆ. ಆದರೆ ನನ್ನ ಆಡುಮಾತು ಎಂದರೆ ದಾವಣಗೆರೆಯದು. ಒಂದು ತಿಂಗಳೊಳಗೆ ಅವರು ಮನುಷ್ಯರಿಗೂ ಯಂತ್ರಗಳಿಗೂ ಒಂದೇ ಸಮ ‘ರೀ’ ಹಚ್ಚತೊಡಗಿದರು. “ಸ್ಪ್ಯಾನರ್ ಕೊಡ್ರೀ. ಇದು ಸಣ್ಣದು ರೀ.” ಮಾಲೀಕರು ನಮ್ಮ ಮನೆಯವರನ್ನು ತಡೆದು, “ಅಲ್ರೀ, ಜರ್ಮನಿಯಲ್ಲಿ ದಾವಣಗೆರೆ ಯಾವ್ ಕಡೆ ಬರುತ್ತೆ?” ಎಂದು ಕೇಳಿದರು. ನಮ್ಮ ಮನೆಯವರು ಅದನ್ನು ಮನೆಗೆ ತಂದು ನನಗೆ ಬಡಿಸಿ, ರಾತ್ರಿಯೆಲ್ಲ ನೆನೆಸಿಕೊಂಡು ನಕ್ಕರು. ಮದುವೆಯಾದ ಹೊಸದರಲ್ಲಿ ದಾಸರಹಳ್ಳಿಯ ಅಂಗಡಿಯವನು ನನ್ನ ‘ರೀ’ಗೆ ನಕ್ಕಾಗ ನಾನು ಬಾಗಿಲು ಹಾಕಿಕೊಂಡು ಅತ್ತಿದ್ದೆ. ಈಗ ಆರಡಿ ಎತ್ತರದ ಜರ್ಮನಿಯವರೊಬ್ಬರು ನನ್ನ ಮಾತಿನ ಧಾಟಿಯನ್ನು ಪೀಣ್ಯದ ತುಂಬ ಹೊತ್ತು ತಿರುಗುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಗಿತ್ತು.

ಮೆಟ್ಟಿಲಿನ ಪ್ರಶ್ನೆಯನ್ನು ಮಾತ್ರ ಅವರು ಬಿಡಲಿಲ್ಲ. ಕಾಟ ತಾಳಲಾರದೆ ನಾನೊಂದು ಅಳತೆ ಕಂಡುಹಿಡಿದೆ. ನಮ್ಮ ಜನ ಎಷ್ಟು ಹೊಗಳುತ್ತಾರೆ ಎಂಬುದರ ಮೇಲೆ ನಿಮ್ಮ ಮೆಟ್ಟಿಲು ಗೊತ್ತಾಗುತ್ತದೆ ಎಂದೆ. ಎರಡು ಪದ ಬಂದಾಗ ಊರಿಗೆ ಊರೇ “ಸಕ್ಕತ್ತಾಗಿ ಕನ್ನಡ ಮಾತಾಡ್ತೀರಾ ಸಾರ್” ಎನ್ನುತ್ತದೆ. ಇಡೀ ವಾಕ್ಯ ಬಂದಾಗ ತಪ್ಪು ತಿದ್ದಲು ಶುರುಮಾಡುತ್ತಾರೆ. ಹೊಗಳುವುದೂ ತಿದ್ದುವುದೂ ನಿಂತು, ಚಿಲ್ಲರೆ ಇಲ್ಲ ಹೋಗ್ರೀ ಎಂದು ಬಸ್ಸಿನ ಕಂಡಕ್ಟರ್ ಕನ್ನಡದಲ್ಲೇ ಗದರಿದ ದಿನ ನಿಮಗೆ ಕನ್ನಡ ಬಂತು ಅಂತ ತಿಳಿಯಿರಿ. ಅವರು ಗಂಭೀರವಾಗಿ ಕೇಳಿಸಿಕೊಂಡರು. ಮಾರನೆಯ ವಾರವೇ ಕಾರ್ಖಾನೆಯ ಕಾರು ಬಿಟ್ಟು ಜಾಲಹಳ್ಳಿ ಕ್ರಾಸಿನಿಂದ ಬಸ್ಸು ಹತ್ತಿದರು. ಪಾಪ, ಕಂಡಕ್ಟರ್ ಅವರಿಗೆ ಸೀಟು ಬಿಡಿಸಿಕೊಟ್ಟು ಇಂಗ್ಲಿಷಿನಲ್ಲಿ ಹವಾಮಾನ ವಿಚಾರಿಸಿದನಂತೆ. ಕೆಳಗಿನ ಮೆಟ್ಟಿಲು ಎಂದು ಮುಖ ಇಳಿಬಿಟ್ಟುಕೊಂಡು ಬಂದರು.

ಅವರಿಗೆ ಬಹಳ ಹಿಡಿಸಿದ್ದು ಕ್ರಿಯಾಪದದ ಕಾಲಗಳು. ಬರುತ್ತೇನೆ ಎಂದರೆ ಮುಂದೆ, ಬಂದೆ ಎಂದರೆ ಹಿಂದೆ. ಆಗುತ್ತದೆ ಎಂದರೆ ಇನ್ನೂ ಇಲ್ಲ, ಆಯಿತು ಎಂದರೆ ಮುಗಿಯಿತು. ಇದನ್ನೆಲ್ಲ ಅಡ್ಡಗೆರೆ ಉದ್ದಗೆರೆ ಹಾಕಿ ಒಂದು ದೊಡ್ಡ ಹಾಳೆಯಲ್ಲಿ ಬರೆದು ತಮ್ಮ ಮೇಜಿನ ಎದುರಿಗೆ ಅಂಟಿಸಿಕೊಂಡಿದ್ದರು. ಒಂದೇ ಒಂದು ಕಡೆ ತಕರಾರಿತ್ತು. ಸಂಜೆ ಮನೆಗೆ ಹೊರಟವರೆಲ್ಲ “ಬರ್ತೀನಿ ಸಾರ್” ಎನ್ನುತ್ತಾರೆ, ಆದರೆ ಹೋಗುತ್ತಾರೆ, ಇದೇಕೆ ಎಂದು ಕೇಳಿದರು. ಹೋಗುತ್ತೇನೆ ಎನ್ನುವುದು ಕೆಟ್ಟ ಮಾತು, ಹೋಗಿ ಬರುತ್ತೇನೆ ಎನ್ನಬೇಕು, ಅವರು ಹೋಗುವುದನ್ನು ಬಾಯಲ್ಲಿ ಬಿಟ್ಟು ಕಾಲಲ್ಲಿ ಮಾಡುತ್ತಾರೆ ಎಂದೆ. ಅದನ್ನು ಹಾಳೆಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡರು. ಉಳಿದ ಕನ್ನಡವೆಲ್ಲ ಗೆರೆಗಳ ಒಳಗೆ ಅಚ್ಚುಕಟ್ಟಾಗಿ ಕೂತಿದೆ ಎಂದು ಅವರು ನಂಬಿದ್ದರು. ನಾನೂ ನಂಬಿದ್ದೆ.

ಈಗ ಫೋರ್ಮನ್ ವಿಷಯ. ಗೇರ್‌ಬಾಕ್ಸ್ ಜೋಡಿಸುವ ಶೆಡ್ಡಿಗೆ ಅವರೇ ಹಿರಿಯರು, ನೆಲಮಂಗಲದ ಕಡೆಯ ಒಕ್ಕಲುತನದ ಮನೆಯವರು. ಕಾರ್ಖಾನೆಯ ಹಿಂದೆ ಜರ್ಮನಿಯ ಯಂತ್ರಗಳಿಗಾಗಿ ಹೊಸ ಶೆಡ್ ಏಳುತ್ತಿತ್ತು. ಅದರ ಪೂರ್ತಿ ಹೊಣೆ ಅವರಿಗೇ ಎಂದು ಮಾಲೀಕರು ಹೇಳಿಯಾಗಿತ್ತು, ಜರ್ಮನಿ ಸಾರ್ ಹೂಂ ಅನ್ನುವುದೊಂದೇ ಬಾಕಿ. ಫೋರ್ಮನ್ ಈ ಸುದ್ದಿಯನ್ನು ಮನೆಯಲ್ಲಿ ಹೇಳಿ, ಬೀಗರ ಮನೆಯಲ್ಲೂ ಹೇಳಿದ್ದರು. ಜರ್ಮನಿ ಸಾರ್‌ಗೂ ಅವರನ್ನು ಕಂಡರೆ ಇಷ್ಟವೇ. ಇಬ್ಬರೂ ಗೇರ್‌ಬಾಕ್ಸಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದಿಷ್ಟು ಪದ, ಒಂದಿಷ್ಟು ಕೈಸನ್ನೆಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಒಂದು ದಿನ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಜರ್ಮನಿ ಸಾರ್ ಯಾರ ಸಹಾಯವೂ ಇಲ್ಲದೆ, ತಮ್ಮದೇ ಕನ್ನಡದಲ್ಲಿ, ಹೊಸ ಗೇರ್‌ಬಾಕ್ಸನ್ನು ತೋರಿಸಿ, “ಇದಕ್ಕೆ ಎಣ್ಣೆ ಹಾಕ್ರೀ” ಎಂದರು. “ಆಯ್ತು ಸಾರ್” ಎಂದರು ಫೋರ್ಮನ್. ಜರ್ಮನಿ ಸಾರ್ ಫೋನು ಬಂತೆಂದು ಆಫೀಸಿಗೆ ಹೋದರು. ಫೋರ್ಮನ್ ಎಣ್ಣೆಗೆಂದು ಸ್ಟೋರಿಗೆ ಹೋದರು. ಸ್ಟೋರಿನವರು ಬೀಗ ಹಾಕಿಕೊಂಡು ಊಟಕ್ಕೆ ಹೋಗಿದ್ದರು, ಫೋರ್ಮನ್ ಅಲ್ಲೇ ಕಾದು ನಿಂತರು. ಅಷ್ಟರಲ್ಲಿ ಜರ್ಮನಿ ಸಾರ್ ಫೋನು ಮುಗಿಸಿ ಶೆಡ್ಡಿಗೆ ವಾಪಸಾಗಿ, ಆಯ್ತು ಎಂದಿದ್ದಾರಲ್ಲ ಎಂದು ಮೋಟರಿನ ಗುಂಡಿ ಒತ್ತಿದರು. ಎಣ್ಣೆಯಿಲ್ಲದ ಗೇರುಗಳು ಕಿರುಚಿಕೊಂಡ ಸದ್ದು ಪಾಠಕ್ಕೆಂದು ಬಂದು ಮಹಡಿಯಲ್ಲಿ ಕೂತಿದ್ದ ನನಗೂ ಕೇಳಿಸಿತು. ಅವರು ತಿಂಗಳುಗಟ್ಟಲೆ ಕೂತು ತಯಾರು ಮಾಡಿಸಿದ್ದ ಗೇರುಗಳ ಹಲ್ಲು ಹಾಳಾಗಿ ಹೋದವು.

ಆಮೇಲೆ ಶೆಡ್ಡಿನ ನಡುವೆ ನಡೆದ ಸಂಭಾಷಣೆಯನ್ನು ನನಗೆ ಹತ್ತಾರು ಜನ ಹೇಳಿದ್ದಾರೆ, ಎಲ್ಲರ ಬಾಯಲ್ಲೂ ಒಂದೇ ಥರ ಇದೆ.

“ನೀವು ಆಯ್ತು ಹೇಳಿದ್ರಿ” ಎಂದರು ಜರ್ಮನಿ ಸಾರ್.

“ಊಂ ಸಾರ್, ಆಯ್ತು ಅಂದೆ.”

“ಆದರೆ ಆಗಿಲ್ಲ.”

“ಆಗಿಲ್ಲ ಸಾರ್. ಅದ್ಕೇ ಆಯ್ತು ಅಂದೆ.”

ಸುತ್ತ ನಿಂತ ಕನ್ನಡದವರಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಜರ್ಮನಿ ಸಾರ್ ಕಿವಿ ಕೆಂಪಗೆ ಮಾಡಿಕೊಂಡು ಮಹಡಿ ಹತ್ತಿ ಬಂದರು. ಈ ಮನುಷ್ಯ ಕೆಲಸ ಮುಗಿಸದೆ ಮುಗಿಯಿತು ಎಂದು ಹೇಳುತ್ತಾನೆ, ಸಿಕ್ಕಿಬಿದ್ದರೆ ನಾಚಿಕೆಯೂ ಪಡುವುದಿಲ್ಲ, ಮುಗಿದಿಲ್ಲವಾದ್ದರಿಂದಲೇ ಮುಗಿಯಿತು ಎಂದೆ ಅನ್ನುತ್ತಾನೆ, ಇವನ ಕೈಗೆ ಹೊಸ ಶೆಡ್ ಕೊಡಲು ನನ್ನ ಒಪ್ಪಿಗೆ ಇಲ್ಲ ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದರು. ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಆಯ್ತು ಎಂದರೆ ಸರಿ ಎಂದೂ ಅರ್ಥ, ಮಾಡುತ್ತೇನೆ ಎಂದೂ ಅರ್ಥ ಎಂದು ವಿವರಿಸಲು ಹೊರಟರೆ, ಅವರು ಸೀದಾ ನನ್ನನ್ನು ತಮ್ಮ ಮೇಜಿನ ಹಾಳೆಯ ಮುಂದೆ ನಿಲ್ಲಿಸಿದರು. ಆಯಿತು, ಭೂತಕಾಲ. ಬರೆಸಿದವಳು ನಾನೇ. ನೀವು ಅವರ ಪರ ಮಾತಾಡುತ್ತಿದ್ದೀರಿ, ನಿಮ್ಮವರಲ್ಲವೇ ಎಂದುಬಿಟ್ಟರು. ನನಗೂ ಸಿಟ್ಟು ಬಂತು. ಆ ದಿನ ಪಾಠ ನಡೆಯಲಿಲ್ಲ.

ಮರುದಿನದಿಂದ ಫೋರ್ಮನ್ ಬಾಯಿ ಕಟ್ಟಿಹೋಯಿತು. ಜರ್ಮನಿ ಸಾರ್ ಏನು ಹೇಳಿದರೂ ಆಯ್ತು ಎನ್ನದೆ ತಲೆಯನ್ನು ಒಂದು ಕಡೆಗೆ ವಾಲಿಸಿ ಸುಮ್ಮನಾಗುತ್ತಿದ್ದರು. ಅದು ಹೌದೋ ಅಲ್ಲವೋ ಎಂದು ತಿಳಿಯದೆ ಜರ್ಮನಿ ಸಾರ್ ಅವರ ತಲೆಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಆಯ್ತು ಎಂಬುದಾದರೂ ಹಾಳೆಯಲ್ಲಿತ್ತು, ತಲೆ ವಾಲಿಸುವುದಕ್ಕೆ ಕಾಲವೂ ಇಲ್ಲ ವಿಭಕ್ತಿಯೂ ಇಲ್ಲ. ಮಾಲೀಕರಂತೂ ಗೇಟಿನಲ್ಲಿ ಸಿಕ್ಕ ನಮ್ಮ ಮನೆಯವರಿಗೆ, ಹೊಸ ಶೆಡ್ಡಿಗೆ ಬೇರೆ ಯಾರನ್ನಾದರೂ ನೋಡಬೇಕು ಎಂದಿದ್ದರು.

ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಫೋರ್ಮನ್ ನನಗೆ ಸಿಕ್ಕರು. ಊಟದ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ, “ನಾನ್ ಸುಳ್ಗಾರ ಅಂದ್ಬುಟ್ರಂತೆ ಮೇಡಂ. ಶೆಡ್ಡು ಓದ್ರೆ ಓಗ್ಲಿ. ಮನೇಲಿ ಏನಂತ ಏಳ್ಲಿ?” ಎಂದರು. ನನಗೆ ಸಂಕಟವಾಯಿತು. ಹೊಸ ಶೆಡ್ ಬೇರೆಯವರಿಗೆ ಹೋದರೆ ನಾಳೆ ನೆಲಮಂಗಲದಲ್ಲಿ ಇದಕ್ಕೆ ಕಾರಣ ವ್ಯಾಕರಣ ಎಂದು ಯಾರೂ ಹೇಳುವುದಿಲ್ಲ. ಸುಳ್ಳು ಹೇಳಿದ್ದಕ್ಕೆ ತೆಗೆದರಂತೆ ಎಂದೇ ಹೇಳುತ್ತಾರೆ.

ಶನಿವಾರ ಮಾಲೀಕರು ಎಲ್ಲರನ್ನೂ ತಮ್ಮ ಕೋಣೆಗೆ ಕರೆಸಿದರು. ಭಾಷೆಯ ವಿಷಯವಾದ್ದರಿಂದ ನನ್ನನ್ನೂ ಕರೆದರು. ಜರ್ಮನಿ ಸಾರ್ ಹಾಳೆಯನ್ನು ಸುರುಳಿ ಸುತ್ತಿ ತಂದಿದ್ದರು. ಫೋರ್ಮನ್‌ಗೆ ಕುರ್ಚಿ ತೋರಿಸಿದರೂ ಕೂರಲಿಲ್ಲ. ನಾನು ಹಿಂದಿನ ದಿನವೆಲ್ಲ ಅಡುಗೆ ಮಾಡುತ್ತ ಕಟ್ಟಿಕೊಂಡಿದ್ದ ಇಂಗ್ಲಿಷ್ ವಾಕ್ಯಗಳನ್ನು ಒಂದೊಂದಾಗಿ ಬಿಟ್ಟೆ, ಒಂದೂ ನಾಟಲಿಲ್ಲ. ನನ್ನ ಇಂಗ್ಲಿಷಿನ ಮೆಟ್ಟಿಲೂ ಆ ಹೊತ್ತಿಗೆ ಎಲ್ಲರಿಗೂ ಗೊತ್ತಾಯಿತು. ವಾತಾವರಣ ಬಿಗಿಯಾದದ್ದು ಕಂಡು ಮಾಲೀಕರು ಬಾಗಿಲಿನಿಂದ ಕತ್ತು ಹೊರಹಾಕಿ, ಮಹಡಿಯ ಕಡೆಗೆ, “ಅಕ್ಕಾ, ನಾಲ್ಕು ಟೀ” ಎಂದು ಕೂಗಿದರು.

“ಬಂದೆ ಸಾರ್” ಎಂದು ಕ್ಯಾಂಟೀನಿನ ಅಕ್ಕನ ದನಿ ಮೇಲಿನಿಂದ ಬಂತು.

ಜರ್ಮನಿ ಸಾರ್ ಮರ್ಯಾದೆಗೆ ಬಾಗಿಲ ಕಡೆ ತಿರುಗಿದರು. ಯಾರೂ ಬರಲಿಲ್ಲ. ಮಾತು ಮತ್ತೆ ಅಲ್ಲಲ್ಲೇ ಸುತ್ತಿತು. ಮಾಲೀಕರು ಇನ್ನೊಮ್ಮೆ ಕೂಗಿದರು.

“ತಂದೆ ಸಾರ್, ತಂದ್ಬಿಟ್ಟೆ” ಎಂದಿತು ದನಿ, ಈಗಲೂ ಮೇಲಿನಿಂದಲೇ.

ನಾನು ಎದ್ದು ನಿಂತೆ. ಆ ಅಕ್ಕ ಈಗ ಏನೆಂದರು ಹೇಳಿ ಎಂದು ಜರ್ಮನಿ ಸಾರ್ ಅವರನ್ನು ಕೇಳಿದೆ. ಅವರು ಹಾಳೆ ಬಿಚ್ಚಿ ಬೆರಳಿಟ್ಟು ಹುಡುಕಿದರು. ಮೊದಲು ಅವರು ಬಂದರು, ಆಮೇಲೆ ತಂದರು, ಕೊನೆಗೆ ಪೂರ್ತಿ ತಂದು ಮುಗಿಸಿದರು ಎಂದರು. ಹಾಗಾದರೆ ಟೀ ಎಲ್ಲಿ ಎಂದೆ. ಅವರು ಖಾಲಿ ಮೇಜನ್ನು ನೋಡಿದರು, ಬಾಗಿಲನ್ನು ನೋಡಿದರು, ಹಾಳೆಯನ್ನು ನೋಡಿದರು. ಆ ಅಕ್ಕ ಸುಳ್ಳುಗಾತಿಯೇ ಎಂದು ಕೇಳಿದೆ.

ಅವರು ಉತ್ತರ ಹೇಳುವ ಮೊದಲು ಅಕ್ಕ ಟ್ರೇ ಹಿಡಿದು ಒಳಗೆ ಬಂದರು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು, “ಸಕ್ಕರೆ ಕಮ್ಮಿ ಆಗಿದ್ಯಾ?” ಎಂದರು.

ಜರ್ಮನಿ ಸಾರ್ ಟೀ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ, ಅಂದರೆ ನೀವು ಮಾತು ಕೊಟ್ಟ ಕ್ಷಣವೇ ಕೆಲಸವನ್ನು ಆದದ್ದರ ಲೆಕ್ಕಕ್ಕೆ ಹಾಕಿಬಿಡುತ್ತೀರಿ, ಅಲ್ಲವೇ ಎಂದು ಕೇಳಿದರು. ಹೌದು, ಇನ್ನು ನೀವು ಯೋಚಿಸಬೇಡಿ, ಅದು ನನಗೆ ಸೇರಿತು ಅಂತ ಅರ್ಥ ಎಂದೆ. ಸರಿಯಾಗಿ ಅದೇ ಹೊತ್ತಿಗೆ ಮೇಜಿನ ಫೋನು ಬಡಿದುಕೊಂಡಿತು. ಗಿರಾಕಿಯೊಬ್ಬರು. ಮಾಲೀಕರು ಅವರಿಗೆ, “ಲಾರಿ ಆಗ್ಲೇ ಹೊರಟ್ಬಿಡ್ತು ಸಾರ್, ತುಮಕೂರು ದಾಟಿರುತ್ತೆ” ಎಂದರು. ಕಿಟಕಿಯಾಚೆ ಲಾರಿ ಗೇಟಿನ ಒಳಗೇ ನಿಂತಿತ್ತು, ಡ್ರೈವರ್ ಅದರ ನೆರಳಲ್ಲಿ ಮಲಗಿದ್ದ.

“ಮೇಡಂ, ಇದೂ ವ್ಯಾಕರಣವಾ?” ಎಂದು ಜರ್ಮನಿ ಸಾರ್ ಕನ್ನಡದಲ್ಲಿ ಪಿಸುಗುಟ್ಟಿದರು.

“ಅಲ್ಲ ರೀ, ಇದು ವ್ಯಾಪಾರ” ಎಂದೆ.

ಫೋರ್ಮನ್ ಆ ವಾರದಲ್ಲಿ ಮೊದಲ ಸಲ ನಕ್ಕರು. ಮಾಲೀಕರು ಮಾತ್ರ ಏನಾಯಿತೆಂದು ನನ್ನನ್ನು ಎರಡು ಸಲ ಕೇಳಿದರು, ನಾನು ಹೇಳಲಿಲ್ಲ.

ಜರ್ಮನಿ ಸಾರ್ ಕೋಣೆಯಲ್ಲೇ ಮುಗಿಸಬಹುದಿತ್ತು. ಆದರೆ ಫೋರ್ಮನ್ ಮರ್ಯಾದೆ ಹೋದದ್ದು ಶೆಡ್ಡಿನಲ್ಲಿ ಎಲ್ಲರೆದುರು, ಆದ್ದರಿಂದ ಶೆಡ್ಡಿಗೇ ಹೋಗಬೇಕು ಎಂದರು. ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿರುವಾಗ ಫೋರ್ಮನ್ ಎದುರು ನೆಟ್ಟಗೆ ನಿಂತು, ದಾರಿಯಲ್ಲಿ ನನ್ನಿಂದ ಕೇಳಿಕೊಂಡು ಬಂದ ಮಾತನ್ನು ಹೇಳಿದರು. “ತಪ್ಪಾಯ್ತು ರೀ.”

“ಆಯ್ತು ಬಿಡಿ ಸಾರ್” ಎಂದರು ಫೋರ್ಮನ್.

ಜರ್ಮನಿ ಸಾರ್ ಗಾಬರಿಯಾದರು. ಬೆರಳೆತ್ತಿ, ಪದಕ್ಕೆ ಪದ ಜೋಡಿಸಿ, “ಇದು ಆದ ಆಯ್ತೋ, ಆಗೋ ಆಯ್ತೋ?” ಎಂದರು.

“ಆಗೋಗಿದ್ದು ಸಾರ್. ಮುಗೀತು” ಎಂದು ಫೋರ್ಮನ್ ಅವರ ಕೈ ಹಿಡಿದುಕೊಂಡರು. ಇಬ್ಬರ ಕೈಯಲ್ಲೂ ಗ್ರೀಸಿತ್ತು.

ಅಲ್ಲಿಂದ ಆ ಮಾತು ಕಾರ್ಖಾನೆಯ ಸೊತ್ತಾಯಿತು. ಯಾರು ಆಯ್ತು ಎಂದರೂ ಎದುರಿನವರು, ಆದ ಆಯ್ತೋ, ಆಗೋ ಆಯ್ತೋ ಎಂದು ಕೇಳುವರು. ನಮ್ಮ ಮನೆಯವರು ಅದನ್ನು ಮನೆಗೂ ತಂದರು, ಅಡುಗೆ ಆಯ್ತು ಎಂದು ಹೇಳುವುದೇ ನನಗೆ ಕಷ್ಟವಾಯಿತು. ಹೊಸ ಶೆಡ್ ಫೋರ್ಮನ್ ಕೈಗೇ ಬಂತು. ಜರ್ಮನಿ ಸಾರ್ ತಮ್ಮ ಹಾಳೆಯನ್ನು ಹರಿಯಲಿಲ್ಲ, ಅದರ ಮೇಲೆ ಅಡ್ಡಲಾಗಿ, ನಿಮ್ಮ ಭಾಷೆಯಲ್ಲಿ ಬರ್ತೀನಿ ಎಂದವರು ಹೋಗುತ್ತಾರೆ, ಬಂದೆ ಎಂದವರು ಬಂದಿರುವುದಿಲ್ಲ, ಹಾಗಾದರೆ ಬರುವವರು ಯಾರು ಎಂದು ಕೆಂಪು ಶಾಯಿಯಲ್ಲಿ ಬರೆದು ನನಗೆ ತೋರಿಸಿದರು. ಟೀ ಅಂತೂ ಬಂದೇ ಬರುತ್ತದೆ ಎಂದೆ.

ಅವರ ಕೆಲಸ ಮುಗಿದು ವಾಪಸು ಹೊರಡುವ ದಿನ ಬಂತು. ಅದಕ್ಕೆ ಮುಂಚಿನ ಪಾಠದಲ್ಲಿ ನಾನು ಅವರಿಂದ “ಹೋಗಿ ಬರ್ತೀನಿ” ಎಂಬುದನ್ನು ಬಾಯಿಪಾಠ ಮಾಡಿಸಿದ್ದೆ. ನನ್ನ ಒಬ್ಬನೇ ವಿದ್ಯಾರ್ಥಿ ಗೇಟಿನಲ್ಲಿ ಎಲ್ಲರೆದುರು ತಪ್ಪದೆ ಹೇಳಬೇಕೆಂಬ ಆಸೆ. ಮಾಲೀಕರು ಹಾರ ಹಾಕಿದರು. ಕ್ಯಾಂಟೀನಿನ ಅಕ್ಕ ಚಕ್ಕುಲಿಯ ಪೊಟ್ಟಣ ಕೊಟ್ಟರು. ಫೋರ್ಮನ್ ಹೊಸ ಶೆಡ್ಡಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಕಾರಿನ ಪಕ್ಕ ನಿಂತರು. ಜರ್ಮನಿ ಸಾರ್ ಹಾರ ತೆಗೆದು ಕಾರಿನೊಳಗಿಟ್ಟು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತರು. ನಾನು ಕಣ್ಣಲ್ಲೇ, ಹೋಗಿ ಬರ್ತೀನಿ, ಹೋಗಿ ಬರ್ತೀನಿ ಎಂದು ಹೇಳಿಕೊಡುತ್ತಿದ್ದೆ. ಅವರು ನನ್ನನ್ನು ನೋಡಲಿಲ್ಲ. ಎದುರಿನ ಅಂಗಡಿಗೆ ಟೀಗೆ ಹೊರಟವರ ಹಾಗೆ ಫೋರ್ಮನ್ ಕಡೆ ಒಂದು ಕೈ ಎತ್ತಿದರು.

“ಬಂದೆ” ಎಂದರು.

“ಆಯ್ತು ಸಾರ್” ಎಂದರು ಫೋರ್ಮನ್.

ಯಾವ ಆಯ್ತು ಎಂದು ಆ ದಿನ ಯಾರೂ ಕೇಳಲಿಲ್ಲ. ಕಾರು ತುಮಕೂರು ರಸ್ತೆಗೆ ತಿರುಗುವ ತನಕ ನಾವು ಗೇಟಿನಲ್ಲೇ ನಿಂತಿದ್ದೆವು. ನನಗೆ ಅಳು ಬಂತು. ಬೇಕೆಂತಲೇ ಹಾಗೆ ಹೇಳಿದರೋ, ಬಾಯಿಪಾಠ ಮರೆತು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಾವ ಮೆಟ್ಟಿಲು ಎಂದು ಅವರೂ ಕೇಳದೇ ಹೊರಟುಹೋದರು.

ವರ್ಷಗಳು ಕಳೆದವು. ಅವರ ಕಂಪನಿಯಿಂದ ಬೇರೆ ಬೇರೆಯವರು ಬಂದು ಹೋದರು, ಅವರು ಬರಲಿಲ್ಲ. ಒಮ್ಮೆ ಆಯುಧ ಪೂಜೆಗೆ ನಾನೂ ನಮ್ಮ ಮನೆಯವರೂ ಕಾರ್ಖಾನೆಗೆ ಹೋದಾಗ ಫೋರ್ಮನ್ ಹೊಸ ಶೆಡ್ಡಿನಲ್ಲಿ ಯಂತ್ರಗಳಿಗೆ ಕುಂಕುಮ ಹಚ್ಚುತ್ತಿದ್ದರು. ಕೂದಲು ನೆರೆತಿತ್ತು. ಮಾತಿಗೆ ಮಾತು ಬಂದು, ಜರ್ಮನಿ ಸಾರ್ ಇನ್ನು ಈ ಕಡೆ ಬರುವುದು ಅನುಮಾನ ಅಲ್ಲವೇ ಎಂದೆ. ಅವರು ಕುಂಕುಮದ ಬೆರಳನ್ನು ಹಾಗೇ ಹಿಡಿದು, ನನಗೆ ಕನ್ನಡ ಬರುವುದಿಲ್ಲವೇನೋ ಎಂಬಂತೆ ನೋಡಿದರು.

“ಬಂದೆ ಅಂತ ಏಳೋಗವ್ರಲ್ಲ ಮೇಡಂ” ಎಂದರು.